ಉಡುದಾರ ಬಿಗಿಯಾದಾಗ: ಟೆಸ್ಟೋಸ್ಟೆರಾನ್ ನಿಂತ ದೇಹದ ಒಂದು ಪ್ರಕರಣ

ಸುತ್ತಳತೆ ನೋಡಬೇಕು, ಧೋತರ ಸ್ವಲ್ಪ ಸಡಿಲಿಸಿ ಎಂದೆ. ಯಜಮಾನರು ಸಡಿಲಿಸಿದರು. ಕರಿ ದಾರದ ಉಡುದಾರ ಹೊಟ್ಟೆಯ ಚರ್ಮಕ್ಕೆ ಕಚ್ಚಿ ಕೂತಿತ್ತು. ಬೆರಳಿನಿಂದ ದಾರ ಎತ್ತಿದರೆ ಅದರಡಿ ಕೆಂಪಗೆ ಒಂದು ಗೆರೆ, ಗೆರೆಯುದ್ದಕ್ಕೂ ತುರಿಸಿಕೊಂಡ ಗುರುತು. "ಹೋದ ದೀಪಾವಳಿಗೆ ಹೊಸದು ಕಟ್ಟಿಕೊಂಡಿದ್ದು ಡಾಕ್ಟರೇ. ಆಗ ಒಳಗೆ ಎರಡು ಬೆರಳು ಆಡುತ್ತಿದ್ದವು. ಈಗ ಗಂಟು ಬಿಚ್ಚುವುದಕ್ಕೂ ಬರುತ್ತಿಲ್ಲ" ಎಂದರು. ಟೇಪು 96 ಸೆಂಟಿಮೀಟರ್ ತೋರಿಸಿತು. ಹನ್ನೊಂದು ತಿಂಗಳ ಹಿಂದಿನ ಅವರ ಚೀಟಿಯಲ್ಲಿ ನನ್ನದೇ ಕೈಬರಹದಲ್ಲಿ 88 ಎಂದಿತ್ತು.

ಅವರಿಗೆ 67 ವರ್ಷ. ಹಾವೇರಿ ಜಿಲ್ಲೆಯ ರೈತರು, ಗೋವಿನಜೋಳ ಮತ್ತು ಹತ್ತಿ ಬೆಳೆಯುತ್ತಾರೆ, ದೀಪಾವಳಿಯ ಹೋರಿ ಹಬ್ಬಕ್ಕೆಂದೇ ಒಂದು ಹೋರಿ ಸಾಕಿದ್ದಾರೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ, ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗಂಡಸಿನ ದೇಹದಲ್ಲಿ ಟೆಸ್ಟೋಸ್ಟೆರಾನ್ ಏನೇನು ಕೆಲಸ ಮಾಡುತ್ತದೆ ಎಂದು ಓದುವ ಕಾಲದಲ್ಲಿ ನಾನು ಬಾಯಿಪಾಠ ಮಾಡಿದ್ದೆ. ಅದು ಇಲ್ಲದಾಗ ಏನಾಗುತ್ತದೆ ಎಂದು ಇಷ್ಟು ಹತ್ತಿರದಿಂದ ತೋರಿಸಿದವರು ಇವರು.

ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ ಎಂಬಲ್ಲಿಂದ ಎಲ್ಲ ಶುರುವಾಗಿತ್ತು. ರಕ್ತದಲ್ಲಿ ಪಿಎಸ್‌ಎ, ಅಂದರೆ ಪ್ರೊಸ್ಟೇಟ್ ಗ್ರಂಥಿಯಿಂದ ಬರುವ, ಅದರ ಕ್ಯಾನ್ಸರಿನಲ್ಲಿ ಏರುವ ಪ್ರೋಟೀನ್, 38 ಬಂತು. ಸೂಜಿ ಹಾಕಿ ತೆಗೆದ ತುಣುಕಿನಲ್ಲಿ ಮೂತ್ರಕೋಶದ ಕೆಳಗಿರುವ ಈ ಗ್ರಂಥಿಯ ಕ್ಯಾನ್ಸರ್ ಕಂಡಿತು, ಗ್ಲೀಸನ್ ಅಂಕ 8, ಅಂದರೆ ಬೇಗ ಬೆಳೆಯುವ ಬಗೆಯದು. ಮೂಳೆಯ ಸ್ಕ್ಯಾನಿನಲ್ಲಿ ಹರಡಿದ ಗುರುತು ಇರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ವಿಕಿರಣ ಚಿಕಿತ್ಸೆ ಕೊಟ್ಟರು, ಜೊತೆಗೆ ಮೂರು ತಿಂಗಳಿಗೊಮ್ಮೆ ಟೆಸ್ಟೋಸ್ಟೆರಾನ್ ನಿಲ್ಲಿಸುವ ಲ್ಯೂಪ್ರೊಲೈಡ್ ಇಂಜೆಕ್ಷನ್, ಒಟ್ಟು ಎರಡು ವರ್ಷ. ಈ ಹಂತದ ಕಾಯಿಲೆಗೆ ಇದು ಸರಿಯಾದ ಚಿಕಿತ್ಸೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಬರೆಯುವುದನ್ನು ಓದಿ ಯಾರೂ ಇಂಜೆಕ್ಷನ್ ತಪ್ಪಿಸಬಾರದು.

ಪ್ರೊಸ್ಟೇಟ್ ಕ್ಯಾನ್ಸರ್ ಬೆಳೆಯುವುದಕ್ಕೆ ಗಂಡಸಿನ ಹಾರ್ಮೋನು ಬೇಕು. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಇದನ್ನು ರೋಗಿಗಳಲ್ಲಿಯೇ ತೋರಿಸಿದರು. ವೃಷಣಗಳನ್ನು ತೆಗೆದರೆ ಹರಡಿದ ಕ್ಯಾನ್ಸರ್ ಕೂಡ ಕುಗ್ಗುತ್ತಿತ್ತು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೆದುಳಿನಿಂದ ಅದರ ತಳದ ಪಿಟ್ಯುಟರಿ ಗ್ರಂಥಿಗೆ ಹೋಗುವ ಸಂದೇಶದ ರಚನೆಯನ್ನು ಆ ಮೇಲೆ ಆಂಡ್ರೂ ಶಾಲಿ ಮತ್ತು ರೋಜರ್ ಗಿಲ್ಲೆಮಿನ್ ಕಂಡುಹಿಡಿದರು, ಅವರಿಗೂ 1977ರಲ್ಲಿ ನೊಬೆಲ್ ಸಿಕ್ಕಿತು. ಅಲ್ಲಿಂದ ಮುಂದೆ ಚಾಕು ಬೇಕಾಗಲಿಲ್ಲ. ಸಹಜವಾಗಿ ಆ ಸಂದೇಶ ಬಿಟ್ಟು ಬಿಟ್ಟು ಬರುತ್ತದೆ. ಲ್ಯೂಪ್ರೊಲೈಡ್ ಅದನ್ನು ಎಡೆಬಿಡದೆ ಕೊಡುತ್ತದೆ. ಒಂದೇ ಸಮನೆ ಬಾಗಿಲು ಬಡಿಯುತ್ತಿದ್ದರೆ ಒಳಗಿನವರು ಓಗೊಡುವುದನ್ನೇ ಬಿಡುವಂತೆ, ಮೊದಲ ಒಂದೆರಡು ವಾರ ರೇಗಿದ ಪಿಟ್ಯುಟರಿ ಆಮೇಲೆ ಸುಮ್ಮನಾಗುತ್ತದೆ. ವೃಷಣಕ್ಕೆ ಕರೆ ಹೋಗುವುದಿಲ್ಲ, ಟೆಸ್ಟೋಸ್ಟೆರಾನ್ ತಯಾರಾಗುವುದಿಲ್ಲ. ಸಾಮಾನ್ಯ ಗಂಡಸಿನಲ್ಲಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೊಗ್ರಾಂ ಇರುವ ಹಾರ್ಮೋನು 50ಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಯಜಮಾನರದ್ದು 14 ಇತ್ತು.

ಕ್ಯಾನ್ಸರಿನ ಕಡೆಯಿಂದ ನೋಡಿದರೆ 14 ಬಹಳ ಒಳ್ಳೆಯ ಅಂಕಿ. ಪಿಎಸ್‌ಎ 0.1ಕ್ಕೆ ಇಳಿದಿತ್ತು. ಅವರ ದಪ್ಪ ಕಡತದಲ್ಲಿ ಪ್ರತಿ ಭೇಟಿಯ ಪುಟದ ಕೊನೆಗೆ "ಸ್ಥಿತಿ ತೃಪ್ತಿಕರ" ಎಂದೇ ಇತ್ತು. ನಾನು ಆ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ತಿರುವಿದೆ. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಸಕ್ಕರೆ ನೋಡಿರಲಿಲ್ಲ, ಕೊಬ್ಬಿನಂಶ ನೋಡಿರಲಿಲ್ಲ, ಮೂಳೆಯ ಸಾಂದ್ರತೆಯ ಮಾತೇ ಇರಲಿಲ್ಲ. ನನಗೆ ಸಿಟ್ಟು ಬಂತು, ನನ್ನ ಮೇಲೂ ಬಂತು. ಚಿಕಿತ್ಸೆ ಶುರುವಾಗುವಾಗ ನನ್ನ ಬಳಿಯೇ ಬಂದು ಹೋದವರು. ಇನ್ನು ದೊಡ್ಡ ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ ಎಂದು ನಾನು ಸುಮ್ಮನಿದ್ದೆ. ಊರಿನ ವೈದ್ಯರು ನೋಡಿಕೊಳ್ಳುತ್ತಾರೆ ಎಂದು ಬಹುಶಃ ಅವರು ಸುಮ್ಮನಿದ್ದರು.

ಅಂದು ಅವರು ಬಂದದ್ದು ಸುಸ್ತು ಎಂದು ಹೇಳಿಕೊಂಡು. ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಮೊದಲು ಗೊಬ್ಬರದ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದವರು ಈಗ ಅರ್ಧ ಚೀಲ ಎತ್ತಿದರೆ ತೋಳು ನಡುಗುತ್ತದೆ. ದಿನಕ್ಕೆ ಎಂಟು ಹತ್ತು ಸಲ ಎದೆಯಿಂದ ತಲೆಯವರೆಗೆ ಬಿಸಿ ಏರಿ ಅಂಗಿ ತೊಯ್ಯುತ್ತದೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಈ ಮಾತು ಬಂದಾಗ ಸೆರಗು ಬಾಯಿಗೆ ಹಿಡಿದು, "ನನಗೆ ಮುಟ್ಟು ನಿಂತಾಗ ಹೀಗೇ ಆಗುತ್ತಿತ್ತು ಸರ್, ಇವರಿಗೆ ಯಾಕೆ?" ಎಂದು ಮೆಲ್ಲಗೆ ಕೇಳಿದರು. ಅವರ ಅಂದಾಜು ಸರಿಯಾಗಿತ್ತು. ಹಾರ್ಮೋನು ಹಠಾತ್ತನೆ ಇಲ್ಲವಾದಾಗ ಮೈಯ ಶಾಖವನ್ನು ಕಾಯುವ ಮೆದುಳಿನ ಭಾಗ ಹೆಂಗಸಿನಲ್ಲೂ ಗಂಡಸಿನಲ್ಲೂ ಒಂದೇ ರೀತಿ ಗಲಿಬಿಲಿಯಾಗುತ್ತದೆ.

ಹೆಂಡತಿ ಹೊರಗೆ ಹೋದ ಮೇಲೆ ಯಜಮಾನರು ಒಂದು ಪ್ರಶ್ನೆ ಕೇಳಿದರು. "ನಾನು ಹೋರಿ ಸಾಕಿದವನು. ಬೀಜ ಒಡೆಸಿದ ಮೇಲೆ ಹೋರಿಯ ಕುತ್ತಿಗೆ ಹೇಗೆ ಇಳಿಯುತ್ತದೆ, ಡುಬ್ಬ ಹೇಗೆ ಕರಗುತ್ತದೆ, ಮೈ ಹೇಗೆ ಮೆತ್ತಗಾಗುತ್ತದೆ ಎಂದು ಕಣ್ಣಾರೆ ನೋಡಿದ್ದೇನೆ. ನನಗೂ ಹಾಗೇ ಮಾಡಿದ್ದಾರೆಯೇ ಡಾಕ್ಟರೇ?" ನಾನು ಸುತ್ತಿ ಬಳಸಲಿಲ್ಲ. ಹೌದು, ಔಷಧದಿಂದ ಅದನ್ನೇ ಮಾಡಿದ್ದಾರೆ, ಕ್ಯಾನ್ಸರ್ ತಡೆಯುವುದಕ್ಕಾಗಿ ಮಾಡಿದ್ದಾರೆ, ಇಂಜೆಕ್ಷನ್ ನಿಲ್ಲಿಸಿದ ಮೇಲೆ ಹಾರ್ಮೋನು ನಿಧಾನಕ್ಕೆ ಮರಳುವ ಸಾಧ್ಯತೆ ಇದೆ ಎಂದೆ. ಅವರು ಬಹಳ ಹೊತ್ತು ನೆಲ ನೋಡುತ್ತಾ ಕೂತರು. ಚಿಕಿತ್ಸೆ ಶುರು ಮಾಡುವ ಮುಂಚೆ ಈ ಮಾತನ್ನು ಅವರಿಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು.

ವರದಿಗಳು ಬಂದವು. ತೂಕ 66 ಕಿಲೊದಿಂದ 70.5ಕ್ಕೆ ಏರಿತ್ತು. ಬರಿ ಹೊಟ್ಟೆಯ ಸಕ್ಕರೆ 104 ಇದ್ದದ್ದು 148. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.9ರಿಂದ 7.6. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 140 ಇದ್ದದ್ದು 212, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 112ರಿಂದ 141. ಹಿಮೋಗ್ಲೋಬಿನ್ 13.9ರಿಂದ 11.8ಕ್ಕೆ ಇಳಿದಿತ್ತು. ಒಂದು ಅಂಕಿ ಮಾತ್ರ ನಾವು ನಿರೀಕ್ಷಿಸುವ ದಿಕ್ಕಿಗೆ ವಿರುದ್ಧವಾಗಿ ಹೋಗಿತ್ತು: ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 41ರಿಂದ 46ಕ್ಕೆ ಏರಿತ್ತು. ಸಾಮಾನ್ಯವಾಗಿ ಹೊಟ್ಟೆ ಬಂದು ಸಕ್ಕರೆ ಏರುವವರಲ್ಲಿ ಎಚ್‌ಡಿಎಲ್ ಇಳಿಯುತ್ತದೆ. ಟೆಸ್ಟೋಸ್ಟೆರಾನ್ ತೆಗೆದುಹಾಕಿದವರಲ್ಲಿ ಏರುತ್ತದೆ, ಅವರ ಕೊಬ್ಬು ಚರ್ಮದಡಿಯೂ ಸಾಕಷ್ಟು ಕೂರುತ್ತದೆ. ಮೇಲ್ನೋಟಕ್ಕೆ ಒಂದೇ ರೋಗದಂತೆ ಕಂಡರೂ ಇದರ ಹುಟ್ಟು ಬೇರೆ ಎಂಬುದಕ್ಕೆ ಈ ಸಣ್ಣ ಅಂಕಿಯೇ ಸಾಕ್ಷಿ.

ಆದರೂ ಎಲ್ಲವನ್ನೂ ಇಂಜೆಕ್ಷನ್ನಿನ ತಲೆಗೆ ಕಟ್ಟುವುದು ಸುಲಭದ ದಾರಿ. ಅವರ ಅಣ್ಣನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಇವರ 5.9 ಆಗಲೇ ಗಡಿಯಲ್ಲಿತ್ತು. ವಿಕಿರಣದ ವಾರಗಳಲ್ಲಿ ಹೊಲದ ಕೆಲಸ ನಿಂತಿತ್ತು. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೆಲವರಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯೂ ಇರುತ್ತದೆ, ಅದೊಂದೇ ಸಕ್ಕರೆ ಏರಿಸಬಲ್ಲದು. ಇವರ ಚೀಟಿಗಳಲ್ಲಿ ಹುಡುಕಿದೆ, ಇರಲಿಲ್ಲ. ಥೈರಾಯ್ಡ್ ಸರಿಯಿತ್ತು. ಕೊನೆಗೆ ಊಟದ ವಿಷಯ ಕೇಳಿದೆ.

ಅಲ್ಲಿ ಒಂದು ಕಥೆಯೇ ಇತ್ತು. ಕ್ಯಾನ್ಸರ್ ಎಂದು ತಿಳಿದ ದಿನದಿಂದ ಮನೆಗೆ ನೆಂಟರು ಬರುವುದು ನಿಂತಿಲ್ಲ, ಯಾರೂ ಬರಿಗೈಯಲ್ಲಿ ಬಂದಿಲ್ಲ. ಮಗಳ ಮನೆಯಿಂದ ಶೇಂಗಾ ಹೋಳಿಗೆ, ತಂಗಿಯ ಮನೆಯಿಂದ ಗೋದಿ ಹುಗ್ಗಿ, ಬೀಗರಿಂದ ಬುಟ್ಟಿ ಬಾಳೆಹಣ್ಣು. ಬೆಳಿಗ್ಗೆ ಮತ್ತು ರಾತ್ರಿ ಡಬ್ಬಿಯ ಪುಷ್ಟಿ ಪುಡಿ ಹಾಕಿದ ಸಿಹಿ ಹಾಲು. "ಮೈಗೆ ಹತ್ತಲಿ ಎಂದು ಕೊಟ್ಟೆವು ಸರ್" ಎಂದರು ಅವರ ಹೆಂಡತಿ. ಹತ್ತಿದ್ದು ನಿಜ. ಅವರ ಪ್ರೀತಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೆ ಉಂಡದ್ದನ್ನು ಸ್ನಾಯುವಿನ ಕಡೆಗೆ ತಿರುಗಿಸುವ ಹಾರ್ಮೋನು ಇಲ್ಲದ ದೇಹಕ್ಕೆ ಅದೆಲ್ಲ ಹೋಗಿ ಸೇರಿದ್ದು ಉಡುದಾರದ ಸುತ್ತ.

ಟೆಸ್ಟೋಸ್ಟೆರಾನ್ ಎಂದರೆ ಮೀಸೆ, ದನಿ, ಕಾಮ ಎಂದಷ್ಟೇ ನಾವು ಮಾತಾಡುತ್ತೇವೆ. ನನ್ನ ಮಟ್ಟಿಗೆ ಅದು ಗಂಡಸಿನ ಮೈಯೊಳಗಿನ ಬಟವಾಡೆಯ ಹಾರ್ಮೋನು: ಬಂದ ಶಕ್ತಿಯಲ್ಲಿ ಎಷ್ಟು ಸ್ನಾಯುವಿಗೆ, ಎಷ್ಟು ಕೊಬ್ಬಿಗೆ ಎಂಬ ಲೆಕ್ಕದಲ್ಲಿ ಅದರ ಮಾತು ನಡೆಯುತ್ತದೆ. ಸ್ನಾಯುವಿನ ಕೋಶದೊಳಗೆ ಹೋಗಿ ಅದು ಪ್ರೋಟೀನ್ ಕಟ್ಟುವ ಕೆಲಸವನ್ನು ಹೆಚ್ಚಿಸುತ್ತದೆ. ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಎಳೆಯ ಕೋಶಗಳನ್ನು ಕೊಬ್ಬಿನ ಕಡೆಗೆ ಹೋಗದಂತೆ ತಡೆದು ಸ್ನಾಯುವಿನ ಕಡೆಗೆ ಕಳಿಸುತ್ತದೆ. ಇದೇ ಸಕ್ಕರೆಯ ಲೆಕ್ಕವನ್ನೂ ಬದಲಿಸುತ್ತದೆ, ಯಾಕೆಂದರೆ ಇನ್ಸುಲಿನ್ ಹೇಳಿದಾಗ ರಕ್ತದಿಂದ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವ ಅತಿ ದೊಡ್ಡ ಕಣಜ ನಮ್ಮ ಸ್ನಾಯು. ಕಣಜ ಕುಗ್ಗಿದರೆ ಕಾಳು ಅಂಗಳದಲ್ಲಿ ಉಳಿಯುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡಿದ ವಿಷಯ. ಅಮೆರಿಕದ ಮ್ಯಾಥ್ಯೂ ಸ್ಮಿತ್ ಮತ್ತು ಸಂಗಡಿಗರು ಪ್ರೊಸ್ಟೇಟ್ ಕ್ಯಾನ್ಸರ್ ಇದ್ದ, ಸಕ್ಕರೆ ಕಾಯಿಲೆ ಇಲ್ಲದ 25 ಗಂಡಸರನ್ನು ಇಂಥದೇ ಚಿಕಿತ್ಸೆಯ ಮೊದಲ ಹನ್ನೆರಡು ವಾರ ಗಮನಿಸಿ 2006ರಲ್ಲಿ ಪ್ರಕಟಿಸಿದರು. ಅಷ್ಟರಲ್ಲೇ ಕೊಬ್ಬಿನ ಪ್ರಮಾಣ ಶೇ 4.3 ಏರಿತ್ತು, ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಶಕ್ತಿ ಶೇ 13ರಷ್ಟು ಕುಗ್ಗಿತ್ತು, ಬರಿ ಹೊಟ್ಟೆಯ ಇನ್ಸುಲಿನ್ ಶೇ 26ರಷ್ಟು ಹೆಚ್ಚಾಗಿತ್ತು. ಅಂದರೆ ಸಕ್ಕರೆ ಏರುವ ಮೊದಲೇ ಮೇದೋಜೀರಕ ಗ್ರಂಥಿ ಮೈಮುರಿದು ದುಡಿಯಲು ತೊಡಗಿರುತ್ತದೆ. ಅದೇ ವರ್ಷ ನ್ಯಾನ್ಸಿ ಕೀಟಿಂಗ್ ಅವರ ತಂಡ ಪ್ರೊಸ್ಟೇಟ್ ಕ್ಯಾನ್ಸರ್ ಇದ್ದ 73,196 ಹಿರಿಯ ಗಂಡಸರ ದಾಖಲೆ ಪರಿಶೀಲಿಸಿತು. ಈ ಗುಂಪಿನ ಇಂಜೆಕ್ಷನ್ ಪಡೆದವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇ 44ರಷ್ಟು ಹೆಚ್ಚಿತ್ತು, ಹೃದಯಾಘಾತದ ಸಂಭವವೂ ಶೇ 11ರಷ್ಟು ಹೆಚ್ಚಿತ್ತು. 2006ರಲ್ಲೇ ಗೊತ್ತಾದ ವಿಷಯ ನಮ್ಮ ಯಜಮಾನರ ಕಡತ ತಲುಪಿರಲಿಲ್ಲ.

ಇನ್ನೊಂದು ಎಳೆ ಇದೆ, ಅದು ಬಹಳ ಜನ ವೈದ್ಯರಿಗೂ ಹೊಸದು. ಗಂಡಸಿನ ದೇಹದಲ್ಲಿ ಟೆಸ್ಟೋಸ್ಟೆರಾನಿನ ಒಂದು ಪಾಲು ಅರೊಮಟೇಸ್ ಎಂಬ ಕಿಣ್ವದ ಕೈಯಲ್ಲಿ ಈಸ್ಟ್ರೋಜನ್ ಆಗುತ್ತದೆ. ಹೆಣ್ಣಿನ ಹಾರ್ಮೋನು ಎಂದು ನಾವು ಕರೆಯುವ ಅದು ಗಂಡಸಿಗೂ ಬೇಕು. ಬಾಸ್ಟನ್ನಿನ ಜೋಯೆಲ್ ಫಿಂಕೆಲ್‌ಸ್ಟೈನ್ ಅವರ ತಂಡ 20ರಿಂದ 50 ವರ್ಷದ ಆರೋಗ್ಯವಂತ ಗಂಡಸರಲ್ಲಿ ಸ್ವಂತ ಹಾರ್ಮೋನನ್ನು ಔಷಧದಿಂದ ನಿಲ್ಲಿಸಿ, ಬೇರೆ ಬೇರೆ ಪ್ರಮಾಣದ ಟೆಸ್ಟೋಸ್ಟೆರಾನ್ ಲೇಪನ ಕೊಟ್ಟು ನೋಡಿತು. ಒಂದು ಗುಂಪಿಗೆ ಅರೊಮಟೇಸ್ ತಡೆಯುವ ಮಾತ್ರೆಯನ್ನೂ ಕೊಟ್ಟರು, ಅವರಲ್ಲಿ ಈಸ್ಟ್ರೋಜನ್ ತಯಾರಾಗದು. 2013ರಲ್ಲಿ ಫಲಿತಾಂಶ ಬಂತು. ಸ್ನಾಯುವಿನ ಗಾತ್ರ ಮತ್ತು ಬಲ ಟೆಸ್ಟೋಸ್ಟೆರಾನ್ ಕಡಿಮೆಯಾದಂತೆ ಕುಗ್ಗಿದವು. ಕೊಬ್ಬು ಏರಿದ್ದು ಮುಖ್ಯವಾಗಿ ಈಸ್ಟ್ರೋಜನ್ ಇಲ್ಲವಾದದ್ದರಿಂದ. ಯಜಮಾನರಲ್ಲಿ ಎರಡೂ ಒಟ್ಟಿಗೆ ಹೋಗಿದ್ದವು: ಮೂಲ ಹಾರ್ಮೋನು ಇಲ್ಲ, ಅದರಿಂದ ಹುಟ್ಟಬೇಕಾದದ್ದೂ ಇಲ್ಲ. ತೋಳು ನಡುಗಿದ್ದು ಒಂದು ಕಾರಣಕ್ಕೆ, ಉಡುದಾರ ಕಚ್ಚಿದ್ದು ಇನ್ನೊಂದಕ್ಕೆ. ಮೂಳೆ ಸವೆಯುವುದರಲ್ಲೂ ಈ ಈಸ್ಟ್ರೋಜನ್ ಕೊರತೆಯದೇ ದೊಡ್ಡ ಪಾಲು. ಮೂಳೆಯ ಸಾಂದ್ರತೆಯ ಸ್ಕ್ಯಾನ್ ಮಾಡಿಸಿದಾಗ ತೊಡೆಮೂಳೆಯ ಕತ್ತಿನ ಟಿ ಅಂಕ, ಅಂದರೆ ಎಳೆ ಪ್ರಾಯದವರ ಮೂಳೆಗೆ ಹೋಲಿಸಿದ ಅಳತೆ, ಮೈನಸ್ 2.4 ಬಂತು, ಮೂಳೆ ಸವೆತ ಎಂದು ಕರೆಯುವ ಗಡಿಯ ತುಸು ಈಚೆ. ಹಿಮೋಗ್ಲೋಬಿನ್ ಇಳಿದದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ, ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣಗಳ ಉತ್ಪತ್ತಿಗೂ ಒತ್ತಾಸೆ. ಕಬ್ಬಿಣದಂಶ ಸರಿಯಿದ್ದುದರಿಂದ ಕಬ್ಬಿಣದ ಮಾತ್ರೆ ಬರೆಯಲಿಲ್ಲ.

ಚಿಕಿತ್ಸೆಯ ಮೊದಲ ಸಾಲು ಲ್ಯೂಪ್ರೊಲೈಡ್ ಮುಂದುವರಿಸುವುದು ಎಂದೇ ಬರೆದೆ. ಆಸ್ಪತ್ರೆಯ ಕ್ಯಾನ್ಸರ್ ತಜ್ಞರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಸಕ್ಕರೆ ಮತ್ತು ಮೂಳೆಯನ್ನು ನೀವು ನೋಡಿ, ಪಿಎಸ್‌ಎ ನಾವು ನೋಡುತ್ತೇವೆ, ವರದಿ ಇಬ್ಬರಿಗೂ ಬರಲಿ ಎಂದರು. ಆ ಒಂದು ಫೋನ್ ಹನ್ನೊಂದು ತಿಂಗಳು ಮುಂಚೆ ಆಗಬೇಕಿತ್ತು.

ಮೂತ್ರಪಿಂಡ ಸರಿಯಿದ್ದುದರಿಂದ ಸಕ್ಕರೆ ಇಳಿಸಲು ಮೆಟ್‌ಫಾರ್ಮಿನ್ ಆರಿಸಿಕೊಂಡೆ. ವಿಕಿರಣದ ನಂತರ ಅವರಿಗೆ ಆಗಾಗ ತೆಳ್ಳಗೆ ಭೇದಿಯಾಗುತ್ತಿತ್ತು, ಈ ಮಾತ್ರೆ ಅದನ್ನು ಕೆರಳಿಸಬಹುದಿತ್ತು. ಹಾಗಾಗಿ ರಾತ್ರಿ ಊಟದ ಮೇಲೆ 500 ಮಿಲಿಗ್ರಾಂ ಮಾತ್ರ ಕೊಟ್ಟು, ಮೂರು ವಾರ ಕಾದು ಎರಡು ಹೊತ್ತಿಗೆ ಏರಿಸಿದೆ. ಕೊಲೆಸ್ಟರಾಲ್ ಇಳಿಸಲು ಅಟೊರ್ವಾಸ್ಟಾಟಿನ್ 20 ಸೇರಿಸಿದೆ. ವಿಟಮಿನ್ ಡಿ ಬರೀ 14 ಇತ್ತು. ಹೊಲದಲ್ಲಿ ಬಿಸಿಲಿಗೆ ಬೆಂದ ಮನುಷ್ಯನಿಗೆ ಇಷ್ಟು ಕಡಿಮೆ ಇರುವುದನ್ನು ಕಂಡು ಅವರ ಮಗನಿಗೆ ನಂಬಿಕೆ ಬರಲಿಲ್ಲ, ಆದರೆ ವರ್ಷದ ಬಹುಪಾಲು ಅವರು ಒಳಗೇ ಮಲಗಿದ್ದರು. ಅದನ್ನು ತುಂಬಿಸಿ, ಹಲ್ಲಿನ ವೈದ್ಯರಿಗೆ ತೋರಿಸಿದ ಮೇಲೆ, ಮೂಳೆಗೆಂದು ಜೋಲೆಡ್ರೋನಿಕ್ ಆಮ್ಲವನ್ನು ಒಂದು ಸಲ ನರಕ್ಕೆ ಕೊಟ್ಟೆವು.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಮಾತಾಡಿದ್ದು ಕಸರತ್ತಿನ ಬಗ್ಗೆ. ಈ ರೋಗಿಗಳಿಗೆ ಬರೀ ನಡಿಗೆ ಹೇಳಿ ಕಳಿಸುವುದು ಸಾಲದು. ನಡಿಗೆ ಹೃದಯಕ್ಕೆ ಒಳ್ಳೆಯದು, ಕುಗ್ಗಿದ ಕಣಜವನ್ನು ಮತ್ತೆ ಕಟ್ಟಲು ಭಾರ ಎತ್ತಬೇಕು. ಕೆನಡಾದ ರೋಆನ್ ಸೀಗಲ್ ಅವರ ತಂಡ 2003ರಲ್ಲೇ ಇಂಥ ಚಿಕಿತ್ಸೆಯಲ್ಲಿದ್ದ 155 ಗಂಡಸರಲ್ಲಿ ಇದನ್ನು ಪರೀಕ್ಷಿಸಿತ್ತು. ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ ಭಾರ ಎತ್ತಿದವರಲ್ಲಿ ಸುಸ್ತು ಇಳಿದು ಸ್ನಾಯುಬಲ ಏರಿತ್ತು. ಹಾರ್ಮೋನು ಇಲ್ಲದಿದ್ದರೂ ಸ್ನಾಯು ಕೆಲಸಕ್ಕೆ ಸ್ಪಂದಿಸುತ್ತದೆ. ಯಜಮಾನರಿಗೆ ನಾನು ಕೊಟ್ಟ ಅತಿ ದೊಡ್ಡ ಸುದ್ದಿ ಇದೇ.

ನಮ್ಮ ಊರಿನ ಫಿಜಿಯೋಥೆರಪಿಸ್ಟ್ ಹುಡುಗಿಗೆ ಅವರನ್ನು ಒಪ್ಪಿಸಿದೆ. ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಅವರಿಗೆ 19 ಸೆಕೆಂಡು ಹಿಡಿಯಿತು. ನಾಲ್ಕನೆಯ ಸಲ ತೊಡೆ ನಡುಗಿತು, ಐದನೆಯ ಸಲ ತುಟಿ ಕಚ್ಚಿ ಎದ್ದರು. ಆ ಹುಡುಗಿ ಅವರ ಮನೆಯ ಸಾಮಾನಿನಲ್ಲೇ ಎಲ್ಲ ಹೊಂದಿಸಿಕೊಟ್ಟಳು. ಐದು ಲೀಟರಿನ ಎರಡು ಎಣ್ಣೆ ಕ್ಯಾನು, ಮೊದಲ ವಾರ ಅರ್ಧ ನೀರು, ಆಮೇಲೆ ತುಂಬ ನೀರು, ಆಮೇಲೆ ಮರಳು. ಗೋಡೆಗೆ ಕೈ ಊರಿ ದೂಡುವುದು, ಕಟ್ಟೆ ಹತ್ತಿ ಇಳಿಯುವುದು, ಕುರ್ಚಿಯ ಎದ್ದು ಕೂರುವಿಕೆ. ವಾರಕ್ಕೆ ಮೂರು ದಿನ. ಊಟದಲ್ಲಿ ಜೋಳದ ರೊಟ್ಟಿ ಬಿಡಿಸಲಿಲ್ಲ, ಮೂರಕ್ಕೆ ಬದಲು ಎರಡು ಮಾಡಿ ಮಡಕೆ ಕಾಳು ಹೆಸರುಕಾಳಿನ ಪಲ್ಯ ದುಪ್ಪಟ್ಟು ಮಾಡಿಸಿದೆ. ಮೊಟ್ಟೆ ತಿನ್ನುವವರಲ್ಲ, ಹಾಗಾಗಿ ಮೊಸರು, ಶೇಂಗಾ ಚಟ್ನಿ. ಸಿಹಿ ಹಾಲು ಪೂರ್ತಿ ನಿಂತಿತು. "ಅವ್ವಾ, ನೆಂಟರು ತಂದ ಹೋಳಿಗೆ ನೀವು ಉಣ್ಣಿರಿ, ಅವರಿಗೆ ಅರ್ಧ ಸಾಕು" ಎಂದು ಅವರ ಹೆಂಡತಿಗೆ ಹೇಳಿದೆ.

ಆರು ತಿಂಗಳಿಗೆ ಮತ್ತೆ ಅಳೆದೆವು. ಸುತ್ತಳತೆ 92. ತೂಕ 69, ಅಷ್ಟೇನೂ ಇಳಿದಿರಲಿಲ್ಲ, ಆದರೆ ತೊಡೆ ಗಟ್ಟಿಯಾಗಿತ್ತು. ಐದು ಸಲ ಎದ್ದು ಕೂರಲು 13 ಸೆಕೆಂಡು. ಎಚ್‌ಬಿಎ1ಸಿ 6.6. ಹಿಮೋಗ್ಲೋಬಿನ್ 11.9, ಅಲ್ಲೇ ನಿಂತಿತ್ತು. ಬಿಸಿ ಏರುವುದು ಮೊದಲಿಗಿಂತ ಕಡಿಮೆ, ಆದರೆ ಇತ್ತು. ಟೆಸ್ಟೋಸ್ಟೆರಾನ್ 12. ಹಾರ್ಮೋನು ಒಂದು ಹನಿಯೂ ಮರಳಿರಲಿಲ್ಲ, ಆದರೂ ಸಕ್ಕರೆ ಇಳಿದಿತ್ತು, ಬಲ ಬಂದಿತ್ತು. ಮಾತ್ರೆಯ ಪಾಲೆಷ್ಟು, ಮರಳಿನ ಕ್ಯಾನಿನ ಪಾಲೆಷ್ಟು, ನಿಂತುಹೋದ ಸಿಹಿ ಹಾಲಿನ ಪಾಲೆಷ್ಟು ಎಂದು ಒಬ್ಬ ರೋಗಿಯಲ್ಲಿ ಬೇರ್ಪಡಿಸಲು ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಶುರುಮಾಡಿದ್ದೆವು, ಕಾಯುವಷ್ಟು ಸಮಯ ನಮಗಿರಲಿಲ್ಲ.

ಆ ಭೇಟಿಯಲ್ಲೇ ಅವರ ಮಗ, 41 ವರ್ಷ, ಬೀಜ ಗೊಬ್ಬರದ ಅಂಗಡಿ ಇಟ್ಟವರು, ಅಪ್ಪನನ್ನು ಹೊರಗೆ ಕೂರಿಸಿ ಒಳಗೆ ಬಂದರು. "ಸರ್, ಅಪ್ಪನಿಗೆ ಆ ಹಾರ್ಮೋನು ತೆಗೆದಿದ್ದಕ್ಕೆ ಹೊಟ್ಟೆ ಬಂತು, ಸಕ್ಕರೆ ಬಂತು. ನನಗೂ ಹೊಟ್ಟೆ ಇದೆ, ಸುಸ್ತು ಇದೆ. ಹಾಗಾದರೆ ನನಗೆ ಅದನ್ನು ಕೊಟ್ಟರೆ ಇಳಿಯುತ್ತದೆ ಅಲ್ಲವೇ?" ಎಂದು ಕೇಳಿದರು. ಕೈಯಲ್ಲಿ ಒಂದು ವರದಿಯೂ ಇತ್ತು: ಟೆಸ್ಟೋಸ್ಟೆರಾನ್ 268. ಅವರೇ ಲ್ಯಾಬಿಗೆ ಹೋಗಿ ಮಾಡಿಸಿದ್ದು, ಮಧ್ಯಾಹ್ನ ಊಟದ ಮೇಲೆ. ಹೀಗೆ ನೋಡಿದ ಅಂಕಿ ನಂಬುವಂಥದ್ದಲ್ಲ. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುತ್ತದೆ, ಉಂಡ ಮೇಲೂ ಇಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಬರಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿದಾಗ 341 ಬಂತು. ಅವರ ಸುತ್ತಳತೆ 103.

ಅಪ್ಪನಲ್ಲಿ ಹಾರ್ಮೋನು ಮೊದಲು ಹೋಯಿತು, ಹೊಟ್ಟೆ ಆಮೇಲೆ ಬಂತು. ಮಗನಲ್ಲಿ ಹೊಟ್ಟೆ ಮೊದಲು ಬಂತು. ಕರುಳ ಸುತ್ತ ಕೊಬ್ಬು ತುಂಬಿ ಇನ್ಸುಲಿನ್ ಏರಿದಾಗ, ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುತ್ತದೆ. ಹೊರುವವರು ಕಡಿಮೆಯಾದರೆ ಒಟ್ಟು ಅಂಕಿಯೂ ಕಡಿಮೆ ಕಾಣುತ್ತದೆ. ಬೊಜ್ಜು ಇನ್ನೂ ಹೆಚ್ಚಿದರೆ ಮೆದುಳಿನಿಂದ ಬರುವ ಕರೆಯೂ ಕುಂದುತ್ತದೆ. ಹಾಗೆ ಕುಂದಿದ ಹಾರ್ಮೋನು ತೂಕ ಇಳಿಸಿದರೆ ತಾನಾಗಿ ಏರುತ್ತದೆ, ಬೊಜ್ಜಿನ ಶಸ್ತ್ರಚಿಕಿತ್ಸೆ ಆದವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಕೊಟ್ಟು ನೋಡಿದವರೂ ಇದ್ದಾರೆ, ಅದನ್ನು ಅವರಿಗೆ ಮುಚ್ಚಿಡಲಿಲ್ಲ. ಆಸ್ಟ್ರೇಲಿಯಾದಲ್ಲಿ ಹೊಟ್ಟೆ ಬಂದ, ಸಕ್ಕರೆ ಗಡಿಯಲ್ಲಿದ್ದ ಅಥವಾ ಹೊಸದಾಗಿ ಕಾಣಿಸಿಕೊಂಡ 1,007 ಗಂಡಸರಿಗೆ, ಎಲ್ಲರಿಗೂ ತೂಕ ಇಳಿಸುವ ಕಾರ್ಯಕ್ರಮದ ಜೊತೆಗೆ, ಅರ್ಧ ಜನಕ್ಕೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಸಕ್ಕರೆ ಕಾಯಿಲೆಯ ಮಟ್ಟದಲ್ಲಿದ್ದವರು ಇಂಜೆಕ್ಷನ್ ಗುಂಪಿನಲ್ಲಿ ಶೇ 12, ಬರೀ ಹುಸಿಮದ್ದು ಪಡೆದವರಲ್ಲಿ ಶೇ 21. ಒಳ್ಳೆಯ ಫಲಿತಾಂಶವೇ. ಆದರೆ ಇಂಜೆಕ್ಷನ್ ಪಡೆದವರಲ್ಲಿ ಶೇ 22ರಷ್ಟು ಜನರ ರಕ್ತ ಕೆಂಪು ಕಣಗಳು ಹೆಚ್ಚಾಗಿ ಅಪಾಯದ ಮಟ್ಟಕ್ಕೆ ಮಂದವಾಗಿತ್ತು, ಇನ್ನೊಂದು ಗುಂಪಿನಲ್ಲಿ ಶೇ 1. ಮುಂದೆ ಅಮೆರಿಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ, ಟ್ರಾವರ್ಸ್ ಎಂಬ ಹೆಸರಿನ ಅಧ್ಯಯನದಲ್ಲಿ, ಟೆಸ್ಟೋಸ್ಟೆರಾನ್ ಲೇಪನ ಗಡಿಯ ಸಕ್ಕರೆಯವರನ್ನು ಸಕ್ಕರೆ ಕಾಯಿಲೆಯಿಂದ ತಡೆಯಲಿಲ್ಲ. ಹೃದಯಾಘಾತ ಹೆಚ್ಚಾಗಲಿಲ್ಲ, ಆದರೆ ಹೃದಯ ಲಯ ತಪ್ಪುವುದು, ಶ್ವಾಸಕೋಶಕ್ಕೆ ರಕ್ತಗಟ್ಟುವುದು ತುಸು ಹೆಚ್ಚೇ ಕಂಡವು. ನಿಜವಾದ ಕೊರತೆ ಇದ್ದವರಿಗೆ ಈ ಔಷಧ ಬೇಕು, ಅವರಿಗೆ ನಾನೇ ಬರೆದುಕೊಟ್ಟಿದ್ದೇನೆ. ಇವರಿಗೆ ಬೇಕಿರಲಿಲ್ಲ.

ಇನ್ನೊಂದು ಮಾತು ಕೇಳಿದೆ: ಇನ್ನೊಂದು ಮಗುವಿನ ಯೋಚನೆ ಇದೆಯೇ? ಇದೆ ಎಂದರು. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಪಿಟ್ಯುಟರಿ ಸುಮ್ಮನಾಗಿ ವೀರ್ಯಾಣುಗಳ ಉತ್ಪತ್ತಿ ನಿಲ್ಲುವ ಹಂತಕ್ಕೆ ಹೋಗುತ್ತದೆ ಎಂದಾಗ ಅವರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಅಪ್ಪನ ಜೊತೆ ಅವರೂ ಮರಳಿನ ಕ್ಯಾನು ಎತ್ತಲು ಶುರುಮಾಡಿದರು. ಎಂಟು ತಿಂಗಳಿಗೆ ಏಳು ಕಿಲೊ ಇಳಿಸಿದರು, ಬೆಳಗಿನ ಅಂಕಿ 430 ಬಂತು.

ಯಜಮಾನರ ಎರಡು ವರ್ಷದ ಇಂಜೆಕ್ಷನ್ ಮುಗಿಯಿತು. ಅರವತ್ತೈದು ದಾಟಿದವರಲ್ಲಿ ಟೆಸ್ಟೋಸ್ಟೆರಾನ್ ಮರಳುವುದು ನಿಧಾನ, ಕೆಲವರಲ್ಲಿ ಮೊದಲಿನ ಮಟ್ಟಕ್ಕೆ ಬರುವುದೇ ಇಲ್ಲ. ಇದನ್ನು ಮೊದಲೇ ಹೇಳಿಟ್ಟಿದ್ದೆ. ಕೊನೆಯ ಇಂಜೆಕ್ಷನ್ ಆಗಿ ಹದಿಮೂರು ತಿಂಗಳಿಗೆ, ದೀಪಾವಳಿಗೆ ನಾಲ್ಕು ದಿನ ಇರುವಾಗ, ಅವರು ಬಂದರು. ಟೆಸ್ಟೋಸ್ಟೆರಾನ್ 190 ಬಂದಿತ್ತು, ಹಿಮೋಗ್ಲೋಬಿನ್ 12.9, ಎಚ್‌ಬಿಎ1ಸಿ 6.3, ಪಿಎಸ್‌ಎ ಇನ್ನೂ 0.1. ಬಿಸಿ ಏರುವುದು ನಿಂತಿತ್ತು. ಮೆಟ್‌ಫಾರ್ಮಿನ್ ನಿಲ್ಲಿಸಬಹುದೇ ಎಂದು ಕೇಳಿದರು, ಅಣ್ಣನ ಕಾಯಿಲೆ ನೆನೆದು ಬೇಡ ಎಂದೆ.

ಟೇಪು ಹಿಡಿದೆ. 91. ಉಡುದಾರ ಹೊಸದಿತ್ತು, ಈ ಸಲ ಕೆಂಪು ದಾರ, ಅದರಡಿ ಬೆರಳು ಹಾಯಿತು. ಪಾದದ ಸ್ಪರ್ಶ ಪರೀಕ್ಷೆ ಬಾಕಿ ಇತ್ತು, ಇನ್ನೈದು ನಿಮಿಷ ಕೂರಿ ಎಂದೆ. ಹೋರಿಗೆ ಕೊಬ್ಬರಿ ಸರ ಪೋಣಿಸುವುದು ಬಾಕಿ ಇದೆ ಡಾಕ್ಟರೇ, ಬೇಗ ಮುಗಿಸಿ ಎಂದರು.